ಕಾಡಂಚಿನ ಸಿದ್ದಿಗಳು: ಗಡಿ ದಾಟಲು ಹದಿನೇಳು ವರ್ಷ

ಮೂಡಲಗಿ ತಾಲ್ಲೂಕಿನ ನಾಗನೂರ ಕಡೆಯವರಿಗೆ ತಳವಾರ ಎಂಬ ಹೆಸರು ಹೊಸದಲ್ಲ. ಊರ ಕಾವಲು ಕಾಯುವ ಕೆಲಸ ಒಂದು ಕಾಲಕ್ಕೆ ತಳವಾರರದಾಗಿತ್ತು. ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಹಳ್ಳಿಗಳಲ್ಲಿ ಆ ಅಡ್ಡಹೆಸರು ಇಂದಿಗೂ ಉಳಿದಿದೆ. ಇದೇ ಜನರನ್ನು ಸಿದ್ದಿಗಳ ಬಗ್ಗೆ ಕೇಳಿದರೆ ಹೆಚ್ಚಿನವರು ಹುಬ್ಬೇರಿಸಿಯಾರು. ಗುಂಗುರು ಕೂದಲಿನ, ಕಡು ಕಪ್ಪು ಮೈಬಣ್ಣದ ಈ ಜನ ತಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದಾರೆಂಬುದು ಅನೇಕರಿಗೆ ತಿಳಿಯದು.

ತಳವಾರ ಮತ್ತು ಸಿದ್ದಿ ಎಂಬ ಈ ಎರಡು ಹೆಸರುಗಳನ್ನು ದೆಹಲಿಯ ಒಂದೇ ಕಾಗದ ಒಟ್ಟಿಗೆ ತಂದಿತು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ತಿದ್ದುವ ಮಸೂದೆಗೆ 2019ರ ಡಿಸೆಂಬರಿನಲ್ಲಿ ರಾಜ್ಯಸಭೆಯೂ 2020ರ ಫೆಬ್ರವರಿಯಲ್ಲಿ ಲೋಕಸಭೆಯೂ ಒಪ್ಪಿಗೆ ಕೊಟ್ಟವು. ಅದರಲ್ಲಿದ್ದ ಮುಖ್ಯ ಸಂಗತಿಗಳು ಎರಡೇ. ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ಪರಿವಾರ ಮತ್ತು ತಳವಾರ ಪದಗಳನ್ನು ಸೇರಿಸುವುದು ಒಂದು. ಅಲ್ಲಿಯವರೆಗೆ ಉತ್ತರ ಕನ್ನಡ ಜಿಲ್ಲೆಗಷ್ಟೇ ಸೀಮಿತವಾಗಿದ್ದ ಸಿದ್ದಿಗಳ ಮಾನ್ಯತೆಯನ್ನು ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಿಗೂ ವಿಸ್ತರಿಸುವುದು ಇನ್ನೊಂದು. ಬಯಲು ಸೀಮೆಯಲ್ಲಿ ಮೊದಲನೆಯದು ದೊಡ್ಡ ಸುದ್ದಿಯಾಯಿತು. ಎರಡನೆಯದನ್ನು ಕೇಳಿದವರು ಕಡಿಮೆ. ಆದರೆ ಖಾನಾಪುರದ ಕಾಡಂಚಿನಲ್ಲಿ ಬಾಳುವ ಸಿದ್ದಿ ಕುಟುಂಬಗಳು ಆ ಒಂದು ಸಾಲಿಗಾಗಿ ಹದಿನೇಳು ವರ್ಷ ಕಾದಿದ್ದವು.

ಒಂದು ಬುಡಕಟ್ಟಿನ ಹೆಸರು ಸರಕಾರದ ಪಟ್ಟಿಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಎಷ್ಟು? ಕಾಡಿನ ನಡುವೆ ಎಳೆದ ಜಿಲ್ಲಾ ಗಡಿ ಒಂದೇ ಕುಲದ ಜನರನ್ನು ಹೇಗೆ ಎರಡು ಮಾಡಿತು? ಸಿದ್ದಿಗಳ ಬದುಕನ್ನು ಅರಿಯದೆ ಈ ಪ್ರಶ್ನೆಗಳಿಗೆ ಉತ್ತರ ಸಿಗದು.

ಒಂದೇ ಜಿಲ್ಲೆ, ಎರಡು ಲೋಕ

ನಾಗನೂರಿನಿಂದ ಗೋಕಾಕ, ಬೆಳಗಾವಿ ದಾಟಿ ಖಾನಾಪುರದ ಕಾಡಿನ ಕಡೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಹೊರಡುವಾಗ ಕಾಣುವುದು ಘಟಪ್ರಭೆಯ ಕಾಲುವೆ ನೀರುಂಡ ಕಬ್ಬಿನ ಗದ್ದೆಗಳು, ಕಪ್ಪು ಮಣ್ಣಿನ ಬಯಲು. ಬೆಳಗಾವಿ ದಾಟಿದ ಮೇಲೆ ಮಣ್ಣು ಕೆಂಪಾಗುತ್ತದೆ, ಕಬ್ಬಿನ ಜಾಗಕ್ಕೆ ಭತ್ತ ಬರುತ್ತದೆ. ಖಾನಾಪುರದ ಆಚೆ ರಸ್ತೆಯ ಎರಡೂ ಬದಿಗೆ ಕಾಡು ಕವಿಯುತ್ತದೆ. ಮಲಪ್ರಭೆ ಹುಟ್ಟುವುದು ಈ ತಾಲ್ಲೂಕಿನ ಕಣಕುಂಬಿಯಲ್ಲಿ. ಮೂಡಣ ಬಯಲಿನಲ್ಲಿ ರೈತ ಮುಗಿಲು ನೋಡಿ ಮಳೆಗೆ ಕಾಯುವಾಗ ಇಲ್ಲಿಯ ಹಳ್ಳಗಳು ತುಂಬಿ, ಊರುಗಳು ಹೊರಗಿನ ಸಂಪರ್ಕವನ್ನೇ ಕಳೆದುಕೊಳ್ಳುವುದುಂಟು.

ಈ ಕಾಡು ಖಾನಾಪುರಕ್ಕೆ ಮುಗಿಯುವುದಿಲ್ಲ. ದಕ್ಷಿಣಕ್ಕೆ ಹಳಿಯಾಳ, ಜೊಯಿಡಾ, ಯಲ್ಲಾಪುರ, ಮುಂಡಗೋಡ, ಶಿರಸಿ, ಅಂಕೋಲಾ ತಾಲ್ಲೂಕುಗಳವರೆಗೆ ಹಬ್ಬಿದೆ. ಪೂರ್ವಕ್ಕೆ ಅದರ ಸೆರಗು ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕನ್ನು ಮುಟ್ಟುತ್ತದೆ. ಸಿದ್ದಿಗಳ ನಾಡು ಎಂದರೆ ಇದೇ. ಅವರ ಸಂಖ್ಯೆ ಹೆಚ್ಚು ಇರುವುದು ಯಲ್ಲಾಪುರ ಮತ್ತು ಹಳಿಯಾಳ ತಾಲ್ಲೂಕುಗಳಲ್ಲಿ. 2011ರ ಜನಗಣತಿ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡವೆಂದು ಎಣಿಸಿದ ಸಿದ್ದಿಗಳು ಹತ್ತು ಸಾವಿರದಷ್ಟು. ಆಗ ಮಾನ್ಯತೆ ಇದ್ದದ್ದು ಉತ್ತರ ಕನ್ನಡದಲ್ಲಿ ಮಾತ್ರ. ಹೀಗಾಗಿ ಖಾನಾಪುರ, ಕಲಘಟಗಿಯ ಸಿದ್ದಿಗಳು ಆ ಲೆಕ್ಕದಲ್ಲಿ ಸಿದ್ದಿಗಳಾಗಿ ಬರಲೇ ಇಲ್ಲ.

ಸಿದ್ದಿಗಳ ಮನೆಗಳು ಸಾಮಾನ್ಯವಾಗಿ ಊರಿನ ನಡುವೆ ಇರುವುದಿಲ್ಲ. ಊರಿಗೂ ಕಾಡಿಗೂ ನಡುವಿನ ಅಂಚಿನಲ್ಲಿ ನಾಲ್ಕಾರು ಮನೆಗಳ ಚಿಕ್ಕ ಕೇರಿಗಳಾಗಿ ಇರುತ್ತವೆ. ಮಣ್ಣಿನ ಗೋಡೆ, ಬಿದಿರಿನ ತಡಿಕೆ, ಮೇಲೆ ಹುಲ್ಲು ಇಲ್ಲವೇ ನಾಡಹಂಚು. ಇದು ಹಳೆಯ ರೀತಿ. ಈಗ ಸರಕಾರಿ ಯೋಜನೆಯ ಸಿಮೆಂಟು ಮನೆಗಳೂ ಎದ್ದಿವೆ. ಮನೆಯ ಹಿಂದೆ ತುಂಡು ಭೂಮಿ, ಅದರಲ್ಲಿ ಒಂದು ಬೆಳೆ ಭತ್ತ. ವರ್ಷದ ಊಟಕ್ಕೆ ಅದು ಸಾಲದು. ಆದ್ದರಿಂದ ಗಂಡಸರೂ ಹೆಂಗಸರೂ ಇತರರ ಗದ್ದೆಗೆ, ಅಡಿಕೆ ತೋಟಕ್ಕೆ, ಅರಣ್ಯ ಇಲಾಖೆಯ ಕೆಲಸಕ್ಕೆ ಕೂಲಿ ಹೋಗುತ್ತಾರೆ. ಬೇಸಿಗೆಯಲ್ಲಿ ಜೇನು ಕೀಳುವುದು ಅವರ ಕೈಗೆ ಹತ್ತಿದ ವಿದ್ಯೆ. ಸೀಗೆಕಾಯಿ, ಅಂಟುವಾಳ, ಮುರುಗಲು ಹೀಗೆ ಕಾಡು ಕೊಟ್ಟದ್ದನ್ನು ಆಯ್ದು ಮಾರುತ್ತಾರೆ. ಮಳೆ ಹಿಡಿದರೆ ಕಳಲೆ, ಅಣಬೆ, ಹಳ್ಳದ ಏಡಿ ಊಟಕ್ಕೆ ಒದಗುತ್ತವೆ.

ಮಳೆಗಾಲವೇ ಕಷ್ಟದ ಕಾಲ. ಕೂಲಿ ನಿಲ್ಲುತ್ತದೆ, ಕಣಜ ಬರಿದಾಗುತ್ತದೆ, ಹಳ್ಳ ದಾಟಿ ಸಂತೆಗೆ ಹೋಗುವುದು ದುಸ್ತರ. ರಾಜ್ಯ ಸರಕಾರ ಸಿದ್ದಿಗಳೂ ಸೇರಿದಂತೆ ಕಾಡಿನ ಬುಡಕಟ್ಟುಗಳಿಗೆ ಬೇಳೆ, ಕಾಳು, ಬೆಲ್ಲ, ಎಣ್ಣೆ, ಮೊಟ್ಟೆಗಳ ಪೌಷ್ಟಿಕ ಆಹಾರ ಯೋಜನೆಯನ್ನು ಮೊದಲು ಮಳೆಗಾಲದ ತಿಂಗಳುಗಳಿಗೆಂದೇ ರೂಪಿಸಿದ್ದು ಈ ಕಾರಣಕ್ಕಾಗಿ. ಈಚಿನ ವರ್ಷಗಳಲ್ಲಿ ಯುವಕರು ಗೋವೆಗೂ ಹುಬ್ಬಳ್ಳಿಗೂ ದುಡಿಯಲು ಹೋಗುತ್ತಿದ್ದಾರೆ. ಅಲ್ಲಿ ಅವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ನೀವು ಯಾವ ದೇಶದವರು?’ ಎಂಬುದು. ಕನ್ನಡದಲ್ಲಿ ಉತ್ತರಿಸಿದಾಗ ಕೇಳಿದವರೇ ತಬ್ಬಿಬ್ಬಾಗುತ್ತಾರೆ.

ಕಡಲಾಚೆಯಿಂದ ಕಾಡಿಗೆ

ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರು ಒಮ್ಮೆಗೆ ಬಂದವರಲ್ಲ, ಒಂದೇ ದಾರಿಯಲ್ಲಿ ಬಂದವರೂ ಅಲ್ಲ. ಅರಬ್ ವ್ಯಾಪಾರಿಗಳ ಹಡಗುಗಳಲ್ಲಿ ಗುಲಾಮರಾಗಿ, ಸೈನಿಕರಾಗಿ, ನಾವಿಕರಾಗಿ ಪೂರ್ವ ಆಫ್ರಿಕಾದ ಜನ ಶತಮಾನಗಳ ಕಾಲ ಭಾರತದ ಪಶ್ಚಿಮ ಕರಾವಳಿಗೆ ಬಂದಿಳಿದರು. ಅಬಿಸೀನಿಯಾದಿಂದ ಬಂದವರನ್ನು ಹಬಸಿ ಎಂದು ಕರೆಯುವ ರೂಢಿ ಇತ್ತು. ಸಿದ್ದಿ ಎಂಬ ಹೆಸರು ಒಡೆಯ ಎಂಬರ್ಥದ ಅರಬ್ಬಿ ಪದದಿಂದ ಬಂದಿದೆಯೆಂದು ವಿದ್ವಾಂಸರು ಹೇಳುತ್ತಾರೆ.

ಇವರಲ್ಲಿ ಕೆಲವರು ದಖ್ಖನ್ನಿನ ಸುಲ್ತಾನರ ಆಸ್ಥಾನಗಳಲ್ಲಿ ಬಹು ಎತ್ತರಕ್ಕೆ ಏರಿದರು. ಗುಲಾಮನಾಗಿ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದನಗರ ರಾಜ್ಯದ ಸೂತ್ರಧಾರನಾಗಿ, 1626ರಲ್ಲಿ ಸಾಯುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಪ್ರಬಲನಾಗಿದ್ದ ಇಖ್ಲಾಸ್ ಖಾನ್ ಕೂಡ ಆಫ್ರಿಕಾ ಮೂಲದವನೇ. 1660ರಲ್ಲಿ ಪನ್ಹಾಳ ಕೋಟೆಯಲ್ಲಿ ಶಿವಾಜಿಯನ್ನು ಮುತ್ತಿದವನು ಬಿಜಾಪುರದ ಸರದಾರ ಸಿದ್ದಿ ಜೌಹರ್. ಕೊಂಕಣದ ಜಂಜಿರಾ ದ್ವೀಪವನ್ನು ಸಿದ್ದಿ ಮನೆತನ ಸ್ವಾತಂತ್ರ್ಯ ಬರುವವರೆಗೂ ಆಳಿತು.

ಕಾಡಿನ ಸಿದ್ದಿಗಳದು ಆಸ್ಥಾನದ ಕಥೆಯಲ್ಲ. 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ, ವಿಶೇಷವಾಗಿ ಮೊಜಾಂಬಿಕ್ ಕಡೆಯಿಂದ, ಜನರನ್ನು ಹಿಡಿದು ತಂದು ಗುಲಾಮರಾಗಿ ಮಾರಿದರು. ಗೋವೆಯ ಮನೆಗಳಲ್ಲಿ ಪಲ್ಲಕ್ಕಿ ಹೊರುವುದರಿಂದ ಹಿಡಿದು ಅಡುಗೆ, ಕಾವಲಿನವರೆಗೆ ಎಲ್ಲವೂ ಅವರ ಕೆಲಸವಾಗಿತ್ತು. ಸಿಕ್ಕ ಅವಕಾಶದಲ್ಲಿ ತಪ್ಪಿಸಿಕೊಂಡವರು, ಒಡೆಯರು ಬಿಟ್ಟುಕೊಟ್ಟವರು ಘಟ್ಟ ಹತ್ತಿದರು. ಪೋರ್ಚುಗೀಸರ ಕೈಗೆ ನಿಲುಕದ ದಟ್ಟ ಕಾಡು ಅವರಿಗೆ ಆಸರೆಯಾಯಿತು. ಬಿಜಾಪುರದ ಸೇನೆ ಚದುರಿದಾಗ ಬಂದವರೂ ಇವರೊಡನೆ ಸೇರಿರಬಹುದು. 1883ರಲ್ಲಿ ಹೊರಬಂದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿಯೇ ಸಿದ್ದಿಗಳ ಪ್ರಸ್ತಾಪವಿದೆ.

ವಿಜ್ಞಾನವೂ ಈ ಕಥೆಗೆ ಸಾಕ್ಷಿ ನುಡಿದಿದೆ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿದ್ದಿಗಳ ಮೂಲ ಆಫ್ರಿಕಾದ ಬಂಟು ಭಾಷಿಕ ಜನರಲ್ಲಿದೆ ಎಂಬುದು ಅದರಿಂದ ಖಚಿತವಾಯಿತು. ನೆರೆಯ ಭಾರತೀಯರೊಡನೆ ಅವರ ರಕ್ತ ಬೆರೆತದ್ದು ಸುಮಾರು ಇನ್ನೂರು ವರ್ಷಗಳ ಹಿಂದಿನಿಂದ ಎಂದೂ ಅಧ್ಯಯನ ಹೇಳಿತು.

ಬೆಳಗಾವಿ ಸೀಮೆಯ ಇತಿಹಾಸದಲ್ಲಿಯೂ ಸಿದ್ದಿಗಳ ಹೆಜ್ಜೆ ಗುರುತಿದೆ. ಕಿತ್ತೂರಿನ ಹೋರಾಟದ ಜನಪದ ನೆನಪಿನಲ್ಲಿ ಸಂಗೊಳ್ಳಿ ರಾಯಣ್ಣನ ಬಲಗೈಯಂತಿದ್ದ ಗಜವೀರ ಒಬ್ಬ ಸಿದ್ದಿ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಇರುವುದು ಖಾನಾಪುರ ತಾಲ್ಲೂಕಿನಲ್ಲೇ. ರಾಯಣ್ಣನ ಕಥೆಯನ್ನು ಬಯಲಾಟದಲ್ಲಿ, ಸಿನಿಮಾದಲ್ಲಿ ನೋಡಿ ಬೆಳೆದ ಜನ ಗಜವೀರನ ಕುಲದವರು ಪಕ್ಕದ ಕಾಡಿನಲ್ಲೇ ಇದ್ದಾರೆಂಬುದನ್ನು ಮರೆತಿರುವುದು ವಿಚಿತ್ರವಾದರೂ ನಿಜ.

ಮೂರು ಧರ್ಮ, ಒಂದೇ ಹಿರಿಯರು

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಯಾವ ಒಡೆಯನ ಹತ್ತಿರ, ಯಾವ ನೆರೆಯವರ ನಡುವೆ ಬಾಳಬೇಕಾಯಿತೋ ಆ ಧರ್ಮ ಅವರದಾಯಿತು. ಯಲ್ಲಾಪುರ, ಅಂಕೋಲಾ ಕಡೆ ಹಿಂದೂ ಸಿದ್ದಿಗಳು ಹೆಚ್ಚು. ಹಳಿಯಾಳ, ಮುಂಡಗೋಡ ಕಡೆ ಮುಸಲ್ಮಾನ ಮತ್ತು ಕ್ರೈಸ್ತ ಸಿದ್ದಿಗಳು ಕಾಣಸಿಗುತ್ತಾರೆ. ಮನೆಮಾತು ಕೊಂಕಣಿಯನ್ನು ಹೋಲುವ ಮಿಶ್ರ ನುಡಿ; ಅದರಲ್ಲಿ ಕನ್ನಡ, ಮರಾಠಿ ಪದಗಳು ಧಾರಾಳ. ಮುಸಲ್ಮಾನ ಸಿದ್ದಿಗಳಲ್ಲಿ ಉರ್ದು ಬಳಕೆಯೂ ಇದೆ. ಶಾಲೆ, ಸಂತೆ, ಕಚೇರಿಗೆ ಕನ್ನಡ.

ಮೂರು ಧರ್ಮಗಳಲ್ಲಿ ಹಂಚಿಹೋದ ಮೇಲೂ ತಾವೆಲ್ಲ ಒಂದೇ ಎಂಬ ಭಾವ ಅಳಿದಿಲ್ಲ. ಅದನ್ನು ಹಿಡಿದಿಟ್ಟಿರುವುದು ಹಿರಿಯರ ಪೂಜೆ. ಸತ್ತ ಪೂರ್ವಿಕರನ್ನು ಮನೆಗೆ ಕರೆದು, ಎಡೆಯಿಟ್ಟು ನೆನೆಯುವ ಈ ಆಚರಣೆಯನ್ನು ಮೂರೂ ಧರ್ಮದ ಸಿದ್ದಿಗಳಲ್ಲಿ ಅಧ್ಯಯನಕಾರರು ಕಂಡಿದ್ದಾರೆ. ಅಡ್ಡಹೆಸರಾಗಿ ಹೆಚ್ಚಿನವರು ಸಿದ್ದಿ ಎಂದೇ ಬರೆಯುತ್ತಾರೆ. ಯಲ್ಲಾಪುರದ ಕಾಡಿನಲ್ಲಿರುವ ಸಿದ್ದಿನಾಸ ದೇವರ ಉತ್ಸವವೂ ಚದುರಿದ ಕುಲವನ್ನು ಒಂದೆಡೆ ಸೇರಿಸುವ ಸಂದರ್ಭ.

ಹಬ್ಬ ಮದುವೆಗಳಲ್ಲಿ ಡಮಾಮಿಯ ಸದ್ದು ಕೇಳಬೇಕು. ಮರದ ಕೊಳಗಕ್ಕೆ ಚರ್ಮ ಬಿಗಿದ ಈ ವಾದ್ಯವನ್ನು ಗಂಡಸರು ಬಾರಿಸಿದರೆ, ಹೆಂಗಸರು ಸುತ್ತು ಕಟ್ಟಿ ಫುಗಡಿ ಕುಣಿಯುತ್ತಾರೆ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು ಗೋಮ ಎನ್ನುತ್ತಾರೆ. ಆ ಪದದ ಬೇರು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಡೋಲಿಗಿರುವ ‘ಎನ್ಗೋಮ’ ಎಂಬ ಹೆಸರಿನಲ್ಲಿದೆ. ಕರ್ನಾಟಕದ ಸಿದ್ದಿಗಳಲ್ಲಿ ಹಳೆಯ ಭಾಷೆ ಮರೆತುಹೋಗಿದ್ದರೂ ಲಯ ಉಳಿದಿದೆ ಎಂಬುದು ಡಮಾಮಿಯನ್ನು ಕೇಳಿದವರ ಅನಿಸಿಕೆ.

ಬಯಲು ಸೀಮೆಯವರಿಗೆ ಅತ್ಯಂತ ಹತ್ತಿರವೆನಿಸುವುದು ಸಿದ್ದಿ ಹೆಂಗಸರ ಕೌದಿ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿ ಉತ್ತರ ಕರ್ನಾಟಕದ ಪ್ರತಿ ಮನೆಯ ಸ್ವತ್ತು. ಬಾಣಂತಿಗೆ, ಹಸುಗೂಸಿಗೆ ಅಜ್ಜಿ ಹೊಲಿದ ಕೌದಿಯೇ ಬೆಚ್ಚಗಿನ ಹಾಸಿಗೆ. ಸಿದ್ದಿಗಳ ಕೌದಿಗೂ ಅದೇ ಸೂಜಿ, ಅದೇ ಹಳೆ ಬಟ್ಟೆ. ಆದರೆ ಅಂಚಿನಿಂದ ಹೊಲಿಗೆ ಆರಂಭಿಸಿ ನಡುವಿಗೆ ಬರುವ ಕ್ರಮ, ಕಣ್ಣು ಕುಕ್ಕುವ ಬಣ್ಣಗಳ ಜೋಡಣೆ ಅವರವೇ. ನಾಲ್ಕು ಮೂಲೆಗಳಿಗೆ ಮಡಿಚಿದ ಬಟ್ಟೆಯ ತ್ರಿಕೋನಗಳನ್ನು ಹಚ್ಚುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಎಣಿಕೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರದೇಶಗಳಿಗೆ ಪರಿಚಯಿಸಿದರು.

ಒಡೆಯರಿಂದ ಅರಣ್ಯದ ಕೈಗೆ

ಕಾಡು ಆಸರೆ ಕೊಟ್ಟಿತೆಂಬುದು ನಿಜ. ಆದರೆ ಭೂಮಿ ಕೊಡಲಿಲ್ಲ. ತಲೆಮಾರುಗಳ ಕಾಲ ಅನೇಕ ಸಿದ್ದಿ ಕುಟುಂಬಗಳು ಭೂಮಾಲೀಕರ ಮನೆಗಳಲ್ಲಿ ಸಾಲಕ್ಕೆ ಸಿಕ್ಕಿ ಜೀತ ಮಾಡಿದವು. ಜೀತ ಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರದ ಕಾಯ್ದೆ 1976ರಲ್ಲಿ ಬಂತು. ಅದಕ್ಕೆ ಎರಡು ವರ್ಷ ಮುಂಚೆ, 1974ರಲ್ಲಿ, ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ಭೂಮಿ ಕೊಡುವ ದಾರಿ ತೆರೆಯಿತು. ಲಕ್ಷಾಂತರ ಗೇಣಿದಾರರು ಒಡೆಯರಾದರು. ಆದರೆ ಗೇಣಿ ಪತ್ರವಿಲ್ಲದೆ ಬರಿ ಆಳಾಗಿ ದುಡಿದವನು ಆ ಕಾಯ್ದೆಯ ಕಣ್ಣಿಗೆ ಗೇಣಿದಾರನಲ್ಲ. ಅರಣ್ಯ ಭೂಮಿಯಲ್ಲಿ ಸಾಗುವಳಿ ಮಾಡಿದವನಿಗೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ಸಿದ್ದಿಗಳಲ್ಲಿ ಹೆಚ್ಚಿನವರು ಈ ಎರಡು ಗುಂಪಿನವರೇ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅರಣ್ಯ ಭೂಮಿಗೆ ಪಟ್ಟಾ ಸಿಗುವುದು ಇನ್ನೂ ಕಠಿಣವಾಯಿತು. ತಾವು ಉಳುವ ನೆಲದಲ್ಲೇ ಅವರು ಒತ್ತುವರಿದಾರರೆನಿಸಿದರು.

ಸಿದ್ದಿಗಳ ಸ್ಥಿತಿಯತ್ತ ಹೊರಗಿನ ಗಮನ ಹರಿದದ್ದು ಇದೇ ಕಾಲದಲ್ಲಿ. ಸಮಾಜಶಾಸ್ತ್ರಜ್ಞ ಟಿ.ಸಿ. ಪಾಲಾಕ್ಷಪ್ಪ ಅವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಬರೆದ ಪುಸ್ತಕ 1976ರಲ್ಲಿ ಪ್ರಕಟವಾಯಿತು. 1980ರ ದಶಕದಲ್ಲಿ ಸಿದ್ದಿಗಳು ಮೂರೂ ಧರ್ಮದವರನ್ನು ಕೂಡಿಸಿ ತಮ್ಮದೇ ಸಂಘ ಕಟ್ಟಿಕೊಂಡರು. ತಮ್ಮನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಬೇಕೆಂಬುದು ಅವರ ಮೊದಲ ಬೇಡಿಕೆಯಾಗಿತ್ತು.

ಅದೇ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಮಂಚೀಕೇರಿಯ ಸಿದ್ದಿಗಳಿಗೆ ರಂಗಶಿಬಿರ ನಡೆಸಿತು. ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯ ಕನ್ನಡ ರಂಗರೂಪವನ್ನು ಸಿದ್ದಿ ಕಲಾವಿದರು ಆಡಿದರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಡುವ ಯೋಜನೆ ಆರಂಭಿಸಿತು. ಕಾಡಿನ ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಅನೇಕರು ಅರ್ಧ ದಾರಿಯಲ್ಲಿ ಮನೆಗೆ ಮರಳಿದರು. ಹೊರಗಿನವರ ಉತ್ಸಾಹ ಇರುವವರೆಗೆ ಮಾತ್ರ ಬಾಳುವ ಇಂಥ ಕಾರ್ಯಕ್ರಮಗಳಿಗಿಂತ ಕಾಯಂ ಹಕ್ಕು ಕೊಡುವ ಮಾನ್ಯತೆ ಏಕೆ ಮುಖ್ಯವೆಂಬುದಕ್ಕೆ ಇದೊಂದು ಪಾಠ.

ಪಟ್ಟಿ ಎಂದರೇನು?

ಸಂವಿಧಾನದ 342ನೆಯ ವಿಧಿಯಂತೆ ಯಾವ ರಾಜ್ಯದಲ್ಲಿ ಯಾವ ಸಮುದಾಯಗಳು ಪರಿಶಿಷ್ಟ ಪಂಗಡಗಳು ಎಂಬುದನ್ನು ರಾಷ್ಟ್ರಪತಿ ಅಧಿಸೂಚನೆಯ ಮೂಲಕ ಗೊತ್ತುಮಾಡುತ್ತಾರೆ. ಮೊದಲ ಆದೇಶ ಹೊರಬಿದ್ದದ್ದು 1950ರಲ್ಲಿ. ಆ ಪಟ್ಟಿಗೆ ಒಂದು ಹೆಸರು ಸೇರಿಸಲು ಅಥವಾ ತೆಗೆಯಲು ರಾಜ್ಯ ಸರಕಾರಕ್ಕೂ ನ್ಯಾಯಾಲಯಕ್ಕೂ ಅಧಿಕಾರವಿಲ್ಲ. ಸಂಸತ್ತು ಕಾಯ್ದೆ ಮಾಡಬೇಕು. ರಾಜ್ಯ ಸರಕಾರ ಶಿಫಾರಸು ಮಾಡಬೇಕು, ಜನಗಣತಿಯ ರಿಜಿಸ್ಟ್ರಾರ್ ಜನರಲ್ ಮತ್ತು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ ಒಪ್ಪಬೇಕು, ಆಮೇಲೆ ಮಸೂದೆ. ಒಂದು ಅಕ್ಷರ ತಿದ್ದಲೂ ಇದೇ ದಾರಿ.

ಯಾರು ಬುಡಕಟ್ಟು ಎಂಬುದನ್ನು ಅಳೆಯಲು ಸರಕಾರ ಇಂದಿಗೂ ಬಳಸುವುದು 1965ರ ಲೋಕೂರ್ ಸಮಿತಿ ಹೇಳಿದ ಐದು ಲಕ್ಷಣಗಳನ್ನು. ಆದಿಮ ಬದುಕಿನ ಕುರುಹುಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ದೂರವಿರುವುದು, ಹೊರಗಿನವರೊಡನೆ ಬೆರೆಯಲು ಹಿಂಜರಿಕೆ, ಹಿಂದುಳಿದಿರುವಿಕೆ. ಸಿದ್ದಿಗಳ ವಿಷಯದಲ್ಲಿ ಒಂದು ತೊಡಕಿತ್ತು. ಹೊರಗಿನಿಂದ ಬಂದವರು ಈ ನಾಡಿನ ಬುಡಕಟ್ಟಾಗುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆದರೆ ಸಂವಿಧಾನ ಕೇಳುವುದು ಮೂಲ ಎಲ್ಲಿಯದು ಎಂದಲ್ಲ, ಬದುಕು ಹೇಗಿದೆ ಎಂದು. ಗುಜರಾತಿನಲ್ಲಿ ಸೌರಾಷ್ಟ್ರದ ಜಿಲ್ಲೆಗಳ ಸಿದ್ದಿಗಳು ಆ ಮೊದಲೇ ಪಟ್ಟಿಯಲ್ಲಿದ್ದರು. ಅತಿ ದುರ್ಬಲ ಬುಡಕಟ್ಟುಗಳ ವರ್ಗದಲ್ಲಿಯೂ ಅಲ್ಲಿ ಅವರಿಗೆ ಸ್ಥಾನವಿದೆ.

ಕೊನೆಗೆ 2003ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ಕರ್ನಾಟಕದ ಪಟ್ಟಿಗೆ ಸಿದ್ದಿಗಳನ್ನು ಸೇರಿಸಿತು. ಹೆಸರಿನ ಮುಂದೆ ಕಂಸದಲ್ಲಿ ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂಬ ಮಾತೂ ಸೇರಿತು. ಹೀಗೆ ಪ್ರದೇಶ ಕಟ್ಟಿ ಮಾನ್ಯತೆ ಕೊಡುವುದು ಪಟ್ಟಿಯಲ್ಲಿ ಹೊಸದೇನಲ್ಲ. ಕುರುಬ ಎಂಬ ಹೆಸರು ಪಟ್ಟಿಯಲ್ಲಿರುವುದು ಕೊಡಗು ಜಿಲ್ಲೆಗೆ ಮಾತ್ರ. ಗೋಕಾಕ ಸೀಮೆಯ ಕುರುಬರಿಗೆ ಅದು ಅನ್ವಯಿಸುವುದಿಲ್ಲ. ಹೆಸರು ಒಂದೇ ಇದ್ದು ಜನ ಬೇರೆಯಾಗಿದ್ದರೆ ಇಂಥ ಗೆರೆಗೆ ಅರ್ಥವಿದೆ. ಆದರೆ ಗಡಿಯ ಎರಡೂ ಬದಿಗೆ ಇರುವವರು ಒಂದೇ ಕುಲದವರಾಗಿದ್ದರೆ?

ಗಡಿಯಾಚೆಯ ತಮ್ಮ

ಹಳಿಯಾಳ ಮತ್ತು ಖಾನಾಪುರ ಒಂದಕ್ಕೊಂದು ತಾಗಿಕೊಂಡ ತಾಲ್ಲೂಕುಗಳು. ಎರಡೂ ಕಡೆಯ ಸಿದ್ದಿಗಳದು ಒಂದೇ ಮನೆಮಾತು, ಒಂದೇ ಹಿರಿಯರ ಪೂಜೆ, ಒಂದೇ ಡಮಾಮಿ. ಕಾಡಿನ ಕಾಲುದಾರಿಯಲ್ಲಿ ಇಲ್ಲದ ಗೆರೆ ನಕಾಶೆಯಲ್ಲಿ ಮಾತ್ರ ಇದೆ. 2003ರ ನಂತರ ಆ ಗೆರೆ ದೊಡ್ಡ ಗೋಡೆಯಾಯಿತು. ಹಳಿಯಾಳದಲ್ಲಿ ನೆಲೆಸಿದ ಅಣ್ಣನಿಗೆ ತಹಶೀಲ್ದಾರರ ಕಚೇರಿಯಲ್ಲಿ ಸಿಗುವ ಜಾತಿ ಪ್ರಮಾಣಪತ್ರ ಖಾನಾಪುರದಲ್ಲಿ ನೆಲೆಸಿದ ತಮ್ಮನಿಗೆ ಸಿಗದು. ಅಣ್ಣನ ಮಗಳಿಗೆ ಬುಡಕಟ್ಟು ವಿದ್ಯಾರ್ಥಿಗಳ ವೇತನ, ವಸತಿ ಶಾಲೆಯ ಸೀಟು, ನೌಕರಿಯಲ್ಲಿ ಮೀಸಲಾತಿ. ತಮ್ಮನ ಮಗಳಿಗೆ ಅದಾವುದೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಅಂತರ ಕಂಡದ್ದು ಭೂಮಿಯ ವಿಷಯದಲ್ಲಿ. ಕಾಡಿನಲ್ಲಿ ಬಾಳುವವರಿಗೆ ಆಗಿರುವ ಐತಿಹಾಸಿಕ ಅನ್ಯಾಯವನ್ನು ಸರಿಪಡಿಸುವುದಾಗಿ ಹೇಳಿ ಸಂಸತ್ತು 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಮಾಡಿತು. ಅದರ ಪ್ರಕಾರ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಅರಣ್ಯ ಭೂಮಿಯ ಸ್ವಾಧೀನದಲ್ಲಿದ್ದೇನೆಂದು ತೋರಿಸಿದರೆ ಸಾಕು. ಉಳುತ್ತಿರುವಷ್ಟು ಭೂಮಿಗೆ, ಹೆಚ್ಚೆಂದರೆ ನಾಲ್ಕು ಹೆಕ್ಟೇರಿಗೆ, ಗಂಡ ಹೆಂಡಿರ ಜಂಟಿ ಹೆಸರಿನಲ್ಲಿ ಹಕ್ಕುಪತ್ರ ಸಿಗುತ್ತದೆ. ಅದನ್ನು ಮಾರುವಂತಿಲ್ಲ, ಮಕ್ಕಳಿಗೆ ಬರುತ್ತದೆ. ಜೇನು, ಸೀಗೆಯಂಥ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನವನ್ನೂ ಕಾಯ್ದೆ ಮಾನ್ಯ ಮಾಡುತ್ತದೆ.

ಪಟ್ಟಿಯಲ್ಲಿಲ್ಲದವನಿಗೂ ಈ ಕಾಯ್ದೆಯಲ್ಲಿ ದಾರಿಯಿದೆ. ಆದರೆ ಅವನು ‘ಇತರ ಪಾರಂಪರಿಕ ಅರಣ್ಯವಾಸಿ’. 2005ಕ್ಕೆ ಮೊದಲು ಮೂರು ತಲೆಮಾರು, ತಲೆಮಾರಿಗೆ ಇಪ್ಪತ್ತೈದರಂತೆ ಎಪ್ಪತ್ತೈದು ವರ್ಷ, ತನ್ನವರು ಅಲ್ಲಿ ಬಾಳಿದ್ದರೆಂದು ಅವನು ರುಜುವಾತು ಮಾಡಬೇಕು. ಎಂದರೆ 1930ಕ್ಕೆ ಹಿಂದಿನ ಸಾಕ್ಷಿ ಬೇಕು. ಊರ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಪರಿಗಣಿಸಲು ನಿಯಮಗಳು ಅವಕಾಶ ಕೊಡುತ್ತವೆ. ಆದರೂ ಕಚೇರಿಗಳು ಬಯಸುವುದು ಕಾಗದವನ್ನು. ಓದು ಬರಹ ತಿಳಿಯದ, ಸ್ವಂತ ಭೂಮಿಯಿಲ್ಲದ, ಒಡೆಯರ ಮನೆಯಲ್ಲಿ ಜೀತಕ್ಕಿದ್ದ ಅಜ್ಜನ ಹೆಸರಿನಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು? ಮಲೆನಾಡಿನ ಜಿಲ್ಲೆಗಳಲ್ಲಿ ಇತರ ಅರಣ್ಯವಾಸಿಗಳ ಅರ್ಜಿಗಳು ರಾಶಿ ರಾಶಿಯಾಗಿ ತಿರಸ್ಕೃತವಾಗಲು ಈ ಷರತ್ತೇ ಮುಖ್ಯ ಕಾರಣ.

ಹೀಗೆ ಒಂದೇ ಕಾಡಿನಲ್ಲಿ, ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ, ಅಣ್ಣ ಕೆಲವೇ ವರ್ಷಗಳ ಸಾಕ್ಷಿ ಕೊಟ್ಟರೆ ಸಾಕಾಯಿತು, ತಮ್ಮ ಮೂರು ತಲೆಮಾರಿನ ಸಾಕ್ಷಿ ಹುಡುಕಬೇಕಾಯಿತು. ಈ ಇಬ್ಬರ ನಡುವೆ ಇದ್ದ ವ್ಯತ್ಯಾಸ ಜಿಲ್ಲೆಯ ಹೆಸರೊಂದೇ. 2020ರ ಕಾಯ್ದೆ ಅಳಿಸಿದ್ದು ಈ ವ್ಯತ್ಯಾಸವನ್ನು. ಈಗ ಪಟ್ಟಿಯಲ್ಲಿ ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಮೂರೂ ಜಿಲ್ಲೆಗಳ ಸಿದ್ದಿಗಳು ಪರಿಶಿಷ್ಟ ಪಂಗಡದವರು. ಅದೇ ವರ್ಷ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ರಾಜ್ಯದ ಶಾಸನಸಭೆಯಲ್ಲಿ ಸಿದ್ದಿ ಸಮುದಾಯದ ಸದಸ್ಯರೊಬ್ಬರು ಕುಳಿತದ್ದು ಅದೇ ಮೊದಲು.

ಹೆಸರು ಸೇರಿದ ಮೇಲೆ

ಪಟ್ಟಿಗೆ ಹೆಸರು ಸೇರಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಪ್ರಮಾಣಪತ್ರ ಪಡೆಯಲು ಕಾಡಂಚಿನ ಕುಟುಂಬ ದ���ನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯಬೇಕು. ಹಿಂದೆ ಶಾಲೆಯ ದಾಖಲೆಯಲ್ಲಿ ಬೇರೇನನ್ನೋ ಬರೆಸಿದ್ದರೆ ಅದನ್ನು ತಿದ್ದಿಸಬೇಕು. ಅರಣ್ಯ ಹಕ್ಕಿನ ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗಿ ಬರಬೇಕು.

ಇನ್ನೊಂದು ಸೂಕ್ಷ್ಮ ಸಂಗತಿಯೂ ಇದೆ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು 2022ರಲ್ಲಿ ಶೇಕಡಾ 3ರಿಂದ 7ಕ್ಕೆ ಏರಿಸಲಾಯಿತು. 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ 42 ಲಕ್ಷಕ್ಕೂ ಹೆಚ್ಚು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮೀರಿ ನಾಯಕ ಸಮುದಾಯದವರು. ಅವರಲ್ಲಿಯೂ ಬಡವರು, ಭೂಮಿಯಿಲ್ಲದವರು ಬಹಳ. ಆದರೆ ಬಯಲು ಸೀಮೆಯಲ್ಲಿ ಶಾಲೆ, ಕಾಲೇಜು, ರಸ್ತೆ, ರಾಜಕೀಯದ ಬಲ ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲಿವೆ. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಬೇಕಾದ ಸಿದ್ದಿ ಹುಡುಗಿ ಅದೇ ಬುಟ್ಟಿಯಲ್ಲಿ ಅವರೊಡನೆ ಪಾಲಿಗೆ ನಿಲ್ಲಬೇಕು. ಒಂದೇ ಕಾಯ್ದೆ ತಳವಾರರಿಗೂ ಸಿದ್ದಿಗಳಿಗೂ ಬಾಗಿಲು ತೆರೆದಿದೆ. ಆ ಬಾಗಿಲವರೆಗೆ ನಡೆಯಬೇಕಾದ ದಾರಿ ಮಾತ್ರ ಇಬ್ಬರಿಗೂ ಒಂದೇ ಅಲ್ಲ.

ಆದ್ದರಿಂದ ಸಿದ್ದಿಗಳಂಥ ಚಿಕ್ಕ ಸಮುದಾಯಗಳಿಗೆ ಪಟ್ಟಿಯ ಹೆಸರಿನ ಜೊತೆಗೆ ಹತ್ತಿರದ ವಸತಿ ಶಾಲೆ, ಕೇರಿಗೇ ಬರುವ ಅಧಿಕಾರಿ, ಮಳೆಗಾಲದಲ್ಲೂ ಮುಚ್ಚದ ಆಸ್ಪತ್ರೆಯ ದಾರಿ ಬೇಕು. ಅದಕ್ಕಿಂತ ಮುಖ್ಯವಾಗಿ ಸ್ವಂತ ಹೆಸರಿನ ತುಂಡು ಭೂಮಿ ಬೇಕು. ಕ್ರೀಡಾ ಯೋಜನೆ ನಿಂತಾಗ ಮಕ್ಕಳು ಕೂಲಿಗೆ ಮರಳಬೇಕಾದದ್ದು ಮನೆಯಲ್ಲಿ ಆಧಾರವಿಲ್ಲದ್ದರಿಂದ. ಹಕ್ಕುಪತ್ರ ಕೈಯಲ್ಲಿದ್ದ ಕುಟುಂಬ ಯಾರದೋ ಉತ್ಸಾಹದ ಏರಿಳಿತಕ್ಕೆ ಸಿಕ್ಕಿ ಅಲುಗಾಡಬೇಕಾಗಿಲ್ಲ.

ಹದಿನೇಳು ವರ್ಷ ಕಾದು ಪಡೆದ ಒಂದು ಸಾಲು ಪಟ್ಟಿಯಲ್ಲಿ ಭದ್ರವಾಗಿದೆ. ಆ ಸಾಲು ಖಾನಾಪುರದ ಕಾಡಂಚಿನ ಮನೆಗಳಿಗೆ ಹಕ್ಕುಪತ್ರವಾಗಿ, ಶಾಲೆಯ ಸೀಟಾಗಿ ತಲುಪಲು ಇನ್ನೆಷ್ಟು ವರ್ಷ ಎಂಬುದು ಈಗಿನ ಪ್ರಶ್ನೆ. ಅದಕ್ಕೆ ಉತ್ತರ ದೆಹಲಿಯಲ್ಲಿಲ್ಲ. ನಾಗನೂರಿನ ತಳವಾರರ ಕಾಗದಪತ್ರಗಳೂ ಖಾನಾಪುರದ ಸಿದ್ದಿಗಳ ಅರ್ಜಿಗಳೂ ಕೊನೆಗೆ ಬಂದು ಸೇರುವ ಬೆಳಗಾವಿಯ ಜಿಲ್ಲಾ ಕಚೇರಿಯಲ್ಲಿದೆ.